ಯೂನಿಟರಿ ಗುಂಪುಗಳ ಟ್ರೇಸ್ ಸೂತ್ರದಲ್ಲಿ ‘ಸ್ಟೇಬಲ್’ ಎಂಬ ಮಾತು ಎಲ್ಲಿಂದ ಬರುತ್ತದೆ?

ಪ್ರಶ್ನೆ: ಅರೆಬೆಂದ_ಪ್ರಮೇಯ

ಎಲ್ಲರಿಗೂ ನಮಸ್ಕಾರ. ನಾನು ಸಂಶೋಧನೆಯ ಎರಡನೆಯ ವರ್ಷದಲ್ಲಿದ್ದೇನೆ. ಕೆಲವು ತಿಂಗಳುಗಳಿಂದ ಯೂನಿಟರಿ ಗುಂಪುಗಳ ಆಟೋಮಾರ್ಫಿಕ್ ರೆಪ್ರೆಸೆಂಟೇಷನ್‌ಗಳ ಬಗ್ಗೆ ಓದುತ್ತಿದ್ದು, ಒಂದೇ ಕಡೆ ಮತ್ತೆ ಮತ್ತೆ ಎಡವುತ್ತಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ಸೆಲ್ಬರ್ಗ್ 1956ರಲ್ಲಿ ಪ್ರಕಟಿಸಿದ ಟ್ರೇಸ್ ಸೂತ್ರವು, ಭಾಗಲಬ್ಧ ಕಾಂಪ್ಯಾಕ್ಟ್ ಆಗಿರುವ ಸಂದರ್ಭದ ಮಟ್ಟಿಗೆ, ನನಗೆ ಅರ್ಥವಾಗಿದೆ. ಪರೀಕ್ಷಾ ಫಲನವೊಂದು ಕೊಡುವ ಆಪರೇಟರ್‌ನ ಟ್ರೇಸನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕುತ್ತೇವೆ. ರೋಹಿತದ ಬದಿಯಲ್ಲಿ ಪ್ರತಿ ರೆಪ್ರೆಸೆಂಟೇಷನ್‌ನ ಟ್ರೇಸನ್ನು ಅದರ ಮಲ್ಟಿಪ್ಲಿಸಿಟಿಯಿಂದ ಗುಣಿಸಿ ಕೂಡಿಸುತ್ತೇವೆ, ಜ್ಯಾಮಿತಿಯ ಬದಿಯಲ್ಲಿ ಪ್ರತಿ ಸಂಯುಗ್ಮ ವರ್ಗದ ಆರ್ಬಿಟಲ್ ಇಂಟಿಗ್ರಲನ್ನು ಒಂದು ಘನಗಾತ್ರದಿಂದ ಗುಣಿಸಿ ಕೂಡಿಸುತ್ತೇವೆ. ಎಲ್ಲ ಅನಂತ ಸ್ಥಾನಗಳಲ್ಲೂ (ಅಂದರೆ ವಾಸ್ತವ ಸಂಖ್ಯೆಗಳ ಮೇಲೆ ನೋಡಿದಾಗ) ಡೆಫಿನಿಟ್ ಆಗಿರುವ ಯೂನಿಟರಿ ಗುಂಪನ್ನು ತೆಗೆದುಕೊಂಡರೆ ಈ ಸೂತ್ರ ಇನ್ನೂ ಸರಳವಾಗುತ್ತದೆ. ಒಂದು ನಿಗದಿತ ಲೆವೆಲ್ ಮತ್ತು ತೂಕದಲ್ಲಿ ಆಟೋಮಾರ್ಫಿಕ್ ಫಾರ್ಮ್‌ಗಳೆಂದರೆ ಒಂದು ಸಾಂತ ಗಣದ ಮೇಲಿನ ಫಲನಗಳಷ್ಟೇ, ಆದ್ದರಿಂದ ಅಭಿಸರಣದ ಚಿಂತೆಯೇ ಇರುವುದಿಲ್ಲ. ಹೀಗಿದ್ದರೂ ಈ ಸಂದರ್ಭದಲ್ಲಿಯೂ ಎಲ್ಲರೂ ಸೂತ್ರವನ್ನು ‘ಸ್ಟೇಬಲ್’ ಮಾಡಬೇಕು, ಎಂಡೋಸ್ಕೋಪಿಕ್ ಗುಂಪುಗಳನ್ನು ತರಬೇಕು ಎನ್ನುತ್ತಾರೆ. ಇದರ ಅಗತ್ಯವೇನು?

ಎರಡನೆಯದಾಗಿ, ಮಲ್ಟಿಪ್ಲಿಸಿಟಿಯ ಸೂತ್ರದಲ್ಲಿ ‘ಸ್ಥಳೀಯ ಚಿಹ್ನೆಗಳ ಗುಣಲಬ್ಧ 1 ಆಗಿದ್ದರೆ ಮಾತ್ರ’ ಎಂಬ ಷರತ್ತು ಇದ್ದಕ್ಕಿದ್ದಂತೆ ಬರುತ್ತದೆ. ಅದು ಟ್ರೇಸ್ ಸೂತ್ರದ ಯಾವ ಪದದಿಂದ ಹುಟ್ಟುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಬೇಕಾಗಿದೆ.

ನನ್ನ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ಯು(1,1)ರಲ್ಲಿ, ಅಂದರೆ ಒಂದು ಧನ ಒಂದು ಋಣ ಚಿಹ್ನೆಯ ಹರ್ಮಿಷಿಯನ್ ರೂಪವನ್ನು ಕಾಪಾಡುವ ಗುಂಪಿನಲ್ಲಿ, ಕರ್ಣದ ಮೇಲೆ (ಅ, ಬ) ಇರುವ ಮಾತೃಕೆಯೂ (ಬ, ಅ) ಇರುವ ಮಾತೃಕೆಯೂ ಸಂಯುಗ್ಮಗಳು, ಏಕೆಂದರೆ ಅಡ್ಡಸಾಲು ಮತ್ತು ಕಂಬಸಾಲುಗಳನ್ನು ಅದಲುಬದಲು ಮಾಡಿದರಾಯಿತು ಎಂದು ಸುಮಾರು ಎರಡು ವಾರ ನಂಬಿಕೊಂಡಿದ್ದೆ. ಅದು ಸರಿಯಲ್ಲ ಎಂದು ಒಬ್ಬರು ತಿಳಿಸಿದರು. ಏಕೆ ಸರಿಯಲ್ಲ ಎಂದು ಈಗ ತಿಳಿದಿದೆ, ಆದರೆ ಈ ಸಣ್ಣ ಸಂಗತಿಗೆ ಇಷ್ಟು ದೊಡ್ಡ ಪರಿಣಾಮ ಏಕೆ ಎಂದು ತಿಳಿದಿಲ್ಲ.

ಉತ್ತರ: ಗುಣೋತ್ತರ

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಡಕುಗಳು ಸೇರಿಕೊಂಡಿವೆ. ಭಾಗಲಬ್ಧ ಕಾಂಪ್ಯಾಕ್ಟ್ ಅಲ್ಲದಿದ್ದಾಗ ಸೂತ್ರದ ಎರಡೂ ಬದಿಗಳು ಅಪಸರಣಗೊಳ್ಳುತ್ತವೆ ಎಂಬುದು ಮೊದಲನೆಯದು. ಅದಕ್ಕೆ ಆರ್ಥರ್ ಅವರು 1970ರ ದಶಕದಿಂದ ಕಟ್ಟಿದ ಟ್ರಂಕೇಷನ್ ವಿಧಾನವೇ ಪರಿಹಾರ. ಜ್ಯಾಮಿತಿಯ ಬದಿ ಸಂಯುಗ್ಮ ವರ್ಗಗಳನ್ನು ನಮಗೆ ಬೇಕಾದುದಕ್ಕಿಂತ ಹೆಚ್ಚು ಸೂಕ್ಷ್ಮವಾಗಿ ವಿಂಗಡಿಸುತ್ತದೆ ಎಂಬುದು ಎರಡನೆಯದು. ಡೆಫಿನಿಟ್ ಗುಂಪನ್ನು ಆರಿಸಿಕೊಂಡರೆ ಮೊದಲನೆಯದು ಮಾಯವಾಗುತ್ತದೆ, ಎರಡನೆಯದು ಕೂದಲೆಳೆಯಷ್ಟೂ ಕದಲುವುದಿಲ್ಲ. ಪಠ್ಯಗಳಲ್ಲಿ ಇವೆರಡೂ ಒಟ್ಟಿಗೇ ಬರುವುದರಿಂದ ಒಂದೇ ರೋಗದ ಎರಡು ಲಕ್ಷಣಗಳಂತೆ ಕಾಣುತ್ತವೆ. (ಎಂಡೋಸ್ಕೋಪಿ ಎಂಬ ಹೆಸರೂ ವೈದ್ಯರದ್ದೇ, ಏನು ಮಾಡುವುದು.)

ನಿಮ್ಮ ‘ತಪ್ಪಿ’ನಿಂದಲೇ ಆರಂಭಿಸೋಣ, ಅದು ಅತ್ಯುತ್ತಮ ಉದಾಹರಣೆ. ಅ, ಬ ಎರಡೂ ಏಕಮಾನ ವೃತ್ತದ ಮೇಲಿರುವ ಬೇರೆ ಬೇರೆ ಸಂಖ್ಯೆಗಳಾಗಿರಲಿ. (ಅ, ಬ) ಮಾತೃಕೆಯಲ್ಲಿ ‘ಅ’ಗೆ ಸೇರಿದ ಐಗನ್ ಸದಿಶವು ಹರ್ಮಿಷಿಯನ್ ರೂಪದಲ್ಲಿ ಧನ ಮೌಲ್ಯ ಪಡೆಯುತ್ತದೆ, (ಬ, ಅ) ಮಾತೃಕೆಯಲ್ಲಿ ಅದೇ ‘ಅ’ಗೆ ಸೇರಿದ ಸದಿಶವು ಋಣ ಮೌಲ್ಯ ಪಡೆಯುತ್ತದೆ. ಯು(1,1)ರ ಯಾವುದೇ ಅಂಶ ಆ ರೂಪವನ್ನು ಕಾಪಾಡುವುದರಿಂದ ಧನವನ್ನು ಋಣಕ್ಕೆ ಒಯ್ಯಲಾರದು. ನೀವು ಬಳಸಿದ ಅದಲುಬದಲಿನ ಮಾತೃಕೆಯು ರೂಪವನ್ನು −1ರಿಂದ ಗುಣಿಸುತ್ತದೆಯೇ ಹೊರತು ಕಾಪಾಡುವುದಿಲ್ಲ. ಆದ್ದರಿಂದ ಇವೆರಡೂ ಜಿಎಲ್(2)ರಲ್ಲಿ ಸಂಯುಗ್ಮಗಳು, ಯು(1,1)ರಲ್ಲಿ ಅಲ್ಲ. ಇಂಥವುಗಳನ್ನು ಸ್ಟೇಬಲ್ ಸಂಯುಗ್ಮಗಳು ಎನ್ನುತ್ತೇವೆ. ಸಂಕೀರ್ಣ ಸಂಖ್ಯೆಗಳವರೆಗೆ ಹೋದರೆ ಒಂದಾಗುವ, ಆದರೆ ಗುಂಪಿನೊಳಗೇ ಉಳಿದರೆ ಬೇರೆಯಾಗುವ ವರ್ಗಗಳಿವು.

ಇದರ ಪ್ರತಿಬಿಂಬ ರೆಪ್ರೆಸೆಂಟೇಷನ್‌ಗಳ ಕಡೆ ಹೇಗೆ ಕಾಣುತ್ತದೆ ಎಂಬುದನ್ನು ಒಂದು ಗುಣೋತ್ತರ ಶ್ರೇಢಿಯಿಂದ ತೋರಿಸಬಹುದು. ಕರ್ಣದ ಮೇಲೆ (ಝ, ಝ⁻¹) ಇರುವ ಅಂಶವನ್ನು ತೆಗೆದುಕೊಳ್ಳಿ. ತೂಕ 4ರ ಹೋಲೋಮಾರ್ಫಿಕ್ ಡಿಸ್ಕ್ರೀಟ್ ಸೀರೀಸ್‌ನಲ್ಲಿ ಈ ಅಂಶದ ಐಗನ್ ಮೌಲ್ಯಗಳು ಝ⁴, ಝ⁶, ಝ⁸, … ಎಂದು ಸಾಗುತ್ತವೆ. ಅವುಗಳ ಮೊತ್ತ, ಅಂದರೆ ಕ್ಯಾರೆಕ್ಟರ್, ಹೀಗಿರುತ್ತದೆ:

ಝ⁴ ÷ (1 − ಝ²) = ಝ³ ÷ (ಝ⁻¹ − ಝ).

ಆಂಟಿಹೋಲೋಮಾರ್ಫಿಕ್ ಸಂಗಾತಿಯಲ್ಲಿ ಝ⁻⁴, ಝ⁻⁶, ಝ⁻⁸, … ಬರುತ್ತವೆ. ಅವುಗಳ ಮೊತ್ತ −ಝ⁻³ ÷ (ಝ⁻¹ − ಝ). ಇವೆರಡನ್ನೂ ಕೂಡಿಸಿದರೆ (ಝ³ − ಝ⁻³) ÷ (ಝ⁻¹ − ಝ) ಸಿಗುತ್ತದೆ. ಭಾಗಿಸಿ ನೋಡಿ, ಅದು −(ಝ² + 1 + ಝ⁻²). ಎರಡು ಅನಂತ ಆಯಾಮದ ರೆಪ್ರೆಸೆಂಟೇಷನ್‌ಗಳನ್ನು ಕೂಡಿಸಿದಾಗ, ಚಿಹ್ನೆಯೊಂದನ್ನು ಬಿಟ್ಟರೆ, ಕಾಂಪ್ಯಾಕ್ಟ್ ಗುಂಪಿನ ಮೂರು ಆಯಾಮದ ರೆಪ್ರೆಸೆಂಟೇಷನ್‌ನ ಕ್ಯಾರೆಕ್ಟರ್ ಉಳಿಯಿತು. ಇದರಲ್ಲಿ ಝ ಇದ್ದೆಡೆ ಝ⁻¹ ಹಾಕಿದರೆ ಏನೂ ಬದಲಾಗುವುದಿಲ್ಲ, ಅಂದರೆ ಸ್ಟೇಬಲ್ ವರ್ಗದ ಎರಡೂ ಭಾಗಗಳಲ್ಲಿ ಇದರ ಮೌಲ್ಯ ಒಂದೇ. ಕಳೆದರೆ ಸಿಗುವುದು (ಝ³ + ಝ⁻³) ÷ (ಝ⁻¹ − ಝ). ಇಲ್ಲಿ ಅದೇ ಬದಲಾವಣೆ ಮಾಡಿದರೆ ಚಿಹ್ನೆ ತಿರುಗುತ್ತದೆ. ಮೊತ್ತವೇ ಸ್ಟೇಬಲ್ ಭಾಗ. ವ್ಯತ್ಯಾಸದ ಅಂಶಸ್ಥಾನವನ್ನು ಗಮನಿಸಿ: ಅದು ಯು(1)×ಯು(1) ಎಂಬ ಚಿಕ್ಕ ಗುಂಪಿನ ಎರಡು ಕ್ಯಾರೆಕ್ಟರ್‌ಗಳ ಮೊತ್ತ. ಎಂಡೋಸ್ಕೋಪಿಕ್ ಗುಂಪು ಎಲ್ಲಿಂದಲೋ ಆಮದಾದದ್ದಲ್ಲ, ನೀವು ಕಳೆದಾಗ ಅಲ್ಲಿಯೇ ಉಳಿದದ್ದು.

ಇನ್ನು ಸ್ಟೇಬಲ್ ಮಾಡಲೇಬೇಕಾದ ಅಗತ್ಯವೇನು ಎಂಬುದು. ಒಂದೇ ಟ್ರೇಸ್ ಸೂತ್ರವನ್ನು ಎದುರಿಗಿಟ್ಟುಕೊಂಡು ಕುಳಿತರೆ ಅದರಿಂದ ವರ್ಗೀಕರಣ ಹೊರಡುವುದಿಲ್ಲ. ನಮಗೆ ಚೆನ್ನಾಗಿ ತಿಳಿದಿರುವ ಗುಂಪಿನ ಸೂತ್ರದ ಜೊತೆ ಅದನ್ನು ಪದಕ್ಕೆ ಪದ ಹೋಲಿಸಬೇಕು. ಆ ಗುಂಪು ದ್ವಿಘಾತ ವಿಸ್ತರಣೆಯ ಮೇಲಿನ ಜಿಎಲ್(ಎನ್), ಜೊತೆಗೆ ಮಾತೃಕೆಯನ್ನು ಅದರ ಸಂಯುಗ್ಮ ಸ್ಥಾನಪಲ್ಲಟದ ವಿಲೋಮಕ್ಕೆ ಒಯ್ಯುವ ಪರಿವರ್ತನೆ. ಈ ಪರಿವರ್ತನೆಯನ್ನು ಆಪರೇಟರ್‌ಗೆ ಸೇರಿಸಿ ಟ್ರೇಸ್ ತೆಗೆದರೆ, ತನ್ನ ಸಂಯುಗ್ಮ ದ್ವೈತಕ್ಕೆ ತಾನೇ ಸಮನಾದ ರೆಪ್ರೆಸೆಂಟೇಷನ್‌ಗಳು ಮಾತ್ರ ಉಳಿಯುತ್ತವೆ. ಯೂನಿಟರಿ ಗುಂಪಿನಿಂದ ಬರುವ ರೆಪ್ರೆಸೆಂಟೇಷನ್‌ಗಳು ಇವುಗಳ ನಡುವೆಯೇ ಇರಬೇಕು. ಆದರೆ ಜಿಎಲ್(ಎನ್) ಕಡೆಯಿಂದ ನೋಡಿದಾಗ ಕಾಣುವುದು ಕ್ಯಾರೆಕ್ಟರಿಸ್ಟಿಕ್ ಬಹುಪದೋಕ್ತಿ ಮಾತ್ರ. (ಅ, ಬ) ಮತ್ತು (ಬ, ಅ) ಎಂಬ ಭೇದ ಅಲ್ಲಿ ಇಲ್ಲವೇ ಇಲ್ಲ. ಒಂದು ಕಡೆ ಇರುವ ಭೇದ ಇನ್ನೊಂದು ಕಡೆ ಇಲ್ಲದಿದ್ದರೆ ಹೋಲಿಸುವುದಾದರೂ ಹೇಗೆ? ಸ್ಟೇಬಲ್ ವರ್ಗದ ಮೇಲಿನ ಮೊತ್ತಗಳನ್ನು ಮಾತ್ರ ಹೋಲಿಸಬಹುದು. ಉಳಿದ ‘ವ್ಯತ್ಯಾಸ’ಗಳಿಗೆ ಬೇರೆ ಲೆಕ್ಕ ಬೇಕು.

ಉತ್ತರ: ಬೀಜಾಕ್ಷರ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಅನಂತ ಸ್ಥಾನದಲ್ಲಿ ನಡೆದ ಕಥೆಯೇ ಪಿ-ಆಡಿಕ್ ಸ್ಥಾನದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಸೇರಿಸುತ್ತೇನೆ, ಏಕೆಂದರೆ ‘ಫಂಡಮೆಂಟಲ್ ಲೆಮ್ಮಾ’ ಎಂಬ ಹೆಸರು ಕೇಳಿ ಹೆದರಿದವರಿಗೆ ಅದರ ಅತಿ ಚಿಕ್ಕ ಸಂದರ್ಭವನ್ನು ಕೈಬೆರಳಲ್ಲಿ ಎಣಿಸಬಹುದು ಎಂದು ಯಾರೂ ಮೊದಲು ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ರ‍್ಯಾಮಿಫೈ ಆಗದ ದ್ವಿಘಾತ ವಿಸ್ತರಣೆಯ ಮೇಲಿನ ಯು(2) ಇರಲಿ, ಕೆಳಗಿನ ಕ್ಷೇತ್ರದ ಶೇಷ ಕ್ಷೇತ್ರದಲ್ಲಿ 3 ಅಂಶಗಳಿರಲಿ. ನಾರ್ಮ್ 1 ಇರುವ ಅ, ಬ ಎಂಬ ಎರಡು ಐಗನ್ ಮೌಲ್ಯಗಳಿದ್ದು, ಅವುಗಳ ವ್ಯತ್ಯಾಸವನ್ನು 3ರ ನಿಖರವಾಗಿ 2ನೇ ಘಾತ ಭಾಗಿಸಲಿ (ಕೆಳಗಿನ ಕ್ಷೇತ್ರ 3-ಆಡಿಕ್ ಸಂಖ್ಯೆಗಳೆಂದೇ ಇಟ್ಟುಕೊಳ್ಳಿ). ಪೂರ್ಣಾಂಕ ಮಾತೃಕೆಗಳ ಉಪಗುಂಪಿನ ಮೇಲೆ 1, ಹೊರಗೆ 0 ಆಗಿರುವ ಫಲನದ ಆರ್ಬಿಟಲ್ ಇಂಟಿಗ್ರಲ್ ಎಂದರೆ, ನಮ್ಮ ಅಂಶವು ಕದಲಿಸದೆ ಬಿಡುವ ಸ್ವದ್ವೈತ ಜಾಲಕಗಳ ಸಂಖ್ಯೆ. ಈ ಜಾಲಕಗಳು ಪ್ರತಿ ಶೃಂಗಕ್ಕೂ 4 ಅಂಚುಗಳಿರುವ ಅನಂತ ಮರವೊಂದರ ಶೃಂಗಗಳಾಗಿ ಕುಳಿತಿವೆ, ಆದರೆ ಎಲ್ಲ ಶೃಂಗಗಳಲ್ಲೂ ಅಲ್ಲ, ಒಂದು ಬಿಟ್ಟು ಒಂದರಂತೆ. ನಮ್ಮ ಅಂಶವು ಮಧ್ಯದ ಒಂದು ಶೃಂಗವನ್ನೂ ಅದರಿಂದ 2 ಹೆಜ್ಜೆಯವರೆಗಿನ ಎಲ್ಲ ಶೃಂಗಗಳನ್ನೂ ಕದಲಿಸುವುದಿಲ್ಲ, ಅದರಾಚೆ ಎಲ್ಲವನ್ನೂ ಕದಲಿಸುತ್ತದೆ.

ಮಧ್ಯದಲ್ಲಿ 1 ಶೃಂಗ, ಒಂದು ಹೆಜ್ಜೆ ದೂರದಲ್ಲಿ 4, ಎರಡು ಹೆಜ್ಜೆ ದೂರದಲ್ಲಿ 12. ಸ್ಟೇಬಲ್ ವರ್ಗದಲ್ಲಿ ಎರಡು ಸಂಯುಗ್ಮ ವರ್ಗಗಳಿವೆ. ಒಂದರಲ್ಲಿ ಮಧ್ಯದ ಶೃಂಗವೇ ಸ್ವದ್ವೈತ ಜಾಲಕ, ಆದ್ದರಿಂದ ಎಣಿಕೆ 1 + 12 = 13. ಇನ್ನೊಂದರಲ್ಲಿ ಮಧ್ಯದ ಶೃಂಗ ಇನ್ನೊಂದು ಬಗೆಯದು, ಆದ್ದರಿಂದ ಎಣಿಕೆ 4. ಸ್ಟೇಬಲ್ ಆರ್ಬಿಟಲ್ ಇಂಟಿಗ್ರಲ್ ಎಂದರೆ ಮೊತ್ತ, 17. ಇನ್ನೊಂದು, ಚಿಹ್ನೆ ಹಾಕಿದ ವ್ಯತ್ಯಾಸ, 13 − 4 = 9. ಅದು 3ರ ವರ್ಗ. ಇದು ಕಾಕತಾಳೀಯವಲ್ಲ. ಮೂರನೆಯ ಹೆಜ್ಜೆಯವರೆಗೆ ಹೋದರೆ 36 ಶೃಂಗಗಳು ಸೇರಿ 9 − 36 = −27 ಆಗುತ್ತದೆ. ಸಾಮಾನ್ಯವಾಗಿ, 3ರ ಡಿ-ನೇ ಘಾತ ವ್ಯತ್ಯಾಸವನ್ನು ಭಾಗಿಸಿದರೆ ಈ ಸಂಖ್ಯೆ −3ರ ಡಿ-ನೇ ಘಾತ. ಯು(1)×ಯು(1) ಎಂಬ ಎಂಡೋಸ್ಕೋಪಿಕ್ ಗುಂಪಿನಲ್ಲಿ ಇದಕ್ಕೆ ಎದುರಾಗಿರುವ ಆರ್ಬಿಟಲ್ ಇಂಟಿಗ್ರಲ್ ಬರೀ 1. ದೊಡ್ಡ ಗುಂಪಿನ ಚಿಹ್ನೆಸಹಿತ ಎಣಿಕೆಯು ಚಿಕ್ಕ ಗುಂಪಿನ ಎಣಿಕೆಯ ಇಂತಿಷ್ಟು ಪಟ್ಟು ಎಂಬುದೇ ಫಂಡಮೆಂಟಲ್ ಲೆಮ್ಮಾ, ಆ ‘ಇಂತಿಷ್ಟು’ ಎಷ್ಟೆಂದು ಹೇಳುವುದು ಟ್ರಾನ್ಸ್‌ಫರ್ ಫ್ಯಾಕ್ಟರ್.

ಆಯಾಮ ಹೆಚ್ಚಿದಂತೆ ಮರದ ಬದಲು ಬಿಲ್ಡಿಂಗ್ ಬರುತ್ತದೆ ಮತ್ತು ಈ ರೀತಿಯ ಎಣಿಕೆ ಕೈಗೆ ಸಿಗುವುದಿಲ್ಲ. ಲ್ಯಾಂಗ್ಲ್ಯಾಂಡ್ಸ್ ಮತ್ತು ಶೆಲ್‌ಸ್ಟಡ್ 1987ರಲ್ಲಿ ಟ್ರಾನ್ಸ್‌ಫರ್ ಫ್ಯಾಕ್ಟರ್‌ಗಳನ್ನು ನಿಖರವಾಗಿ ಕೊಟ್ಟ ಮೇಲೂ, ಎಲ್ಲ ಯೂನಿಟರಿ ಗುಂಪುಗಳಿಗೆ ಲೆಮ್ಮಾದ ಸಾಧನೆ ಬಂದದ್ದು 2008ರಲ್ಲಿ, ಲೋಮೋಂ ಮತ್ತು ಙೊ ಅವರಿಂದ. ಅವರು ಫಲನ ಕ್ಷೇತ್ರದ ಮೇಲೆ, ಹಿಚಿನ್ ಫೈಬ್ರೇಷನ್‌ನ ಜ್ಯಾಮಿತಿಯಿಂದ ಸಾಧಿಸಿದರು. ಅಲ್ಲಿಂದ ಪಿ-ಆಡಿಕ್ ಕ್ಷೇತ್ರಕ್ಕೆ ದಾಟಿಸುವ ಸೇತುವೆಯನ್ನು ವಾಲ್ಡ್ಸ್‌ಪುರ್ಜೆ ಕಟ್ಟಿದ್ದರು. ಲೆಮ್ಮಾದಿಂದ ಎಲ್ಲ ಪರೀಕ್ಷಾ ಫಲನಗಳ ವರ್ಗಾವಣೆ ಹಿಂಬಾಲಿಸುತ್ತದೆ ಎಂಬುದನ್ನು ತೋರಿಸಿದವರೂ ಅವರೇ. ಎಲ್ಲ ಗುಂಪುಗಳಿಗೂ ಅನ್ವಯವಾಗುವ ಸಾಧನೆಗಾಗಿ ಙೊ ಅವರಿಗೆ 2010ರಲ್ಲಿ ಹೈದರಾಬಾದಿನ ಸಮ್ಮೇಳನದಲ್ಲಿ ಫೀಲ್ಡ್ಸ್ ಪದಕ ಬಂತು.

ಮರುಪ್ರಶ್ನೆ: ಅರೆಬೆಂದ_ಪ್ರಮೇಯ

ಇಬ್ಬರಿಗೂ ಧನ್ಯವಾದಗಳು. ಮರದ ಎಣಿಕೆಯನ್ನು ಶೇಷ ಕ್ಷೇತ್ರದಲ್ಲಿ 5 ಅಂಶಗಳಿರುವಾಗ ನಾನೇ ಮಾಡಿ ನೋಡಿದೆ: 1, 6, 30. ಚಿಹ್ನೆ ಹಾಕಿ ಕೂಡಿಸಿದರೆ 25. ಒಪ್ಪಿದೆ.

ಈಗ ಮಲ್ಟಿಪ್ಲಿಸಿಟಿಯ ವಿಷಯ. ಮೂರು ಚರಗಳಲ್ಲಿ ಮೂರು ಐಗನ್ ಮೌಲ್ಯಗಳಿರುವುದರಿಂದ ಪ್ಯಾಕೆಟ್‌ನಲ್ಲಿ (ಮೇಲಿನ ಹೋಲೋಮಾರ್ಫಿಕ್–ಆಂಟಿಹೋಲೋಮಾರ್ಫಿಕ್ ಜೋಡಿಯಂತೆ ಸ್ಟೇಬಲ್ ಮೊತ್ತದಲ್ಲಿ ಒಟ್ಟಿಗೆ ಬರುವ ರೆಪ್ರೆಸೆಂಟೇಷನ್‌ಗಳ ಗಣದಲ್ಲಿ) ಪ್ರತಿ ಸ್ಥಾನದಲ್ಲೂ ಹೆಚ್ಚೆಂದರೆ ಮೂರು ಸದಸ್ಯರು ಎಂದು ತಿಳಿಯಬಹುದೇ? ಮತ್ತು ಆ ಚಿಹ್ನೆಗಳ ಗುಣಲಬ್ಧದ ಷರತ್ತು ಕೊನೆಗೂ ಎಲ್ಲಿಂದ ಬಂತು?

ಉತ್ತರ: ಗುಣೋತ್ತರ

ಎರಡನೆಯ ಭಾಗಕ್ಕೆ ಉತ್ತರಿಸುತ್ತೇನೆ, ಮೊದಲನೆಯದನ್ನು ಬೇರೆಯವರಿಗೆ ಬಿಡುತ್ತೇನೆ.

ಕ್ವಾಸಿ-ಸ್ಪ್ಲಿಟ್ ಯು(3)ಕ್ಕೆ ಸ್ವತಃ ಅದನ್ನು ಬಿಟ್ಟರೆ ಯು(2)×ಯು(1) ಎಂಬ ಒಂದೇ ಎಲಿಪ್ಟಿಕ್ ಎಂಡೋಸ್ಕೋಪಿಕ್ ಗುಂಪು. ಐಗನ್ ಮೌಲ್ಯಗಳಿಗೆ ಧನ ಅಥವಾ ಋಣ ಚಿಹ್ನೆ ಹಚ್ಚಿ ಎರಡು ಗುಂಪಾಗಿ ಒಡೆದರೆ 2 ಮತ್ತು 1 ಎಂದೇ ಒಡೆಯಬೇಕಲ್ಲವೇ, ಅದೇ ಕಾರಣ. ಸ್ಟೇಬಲ್ ಮಾಡಿದ ಮೇಲೆ ಸೂತ್ರದ ಡಿಸ್ಕ್ರೀಟ್ ಭಾಗ ಹೀಗಾಗುತ್ತದೆ: ಯು(3)ರ ಡಿಸ್ಕ್ರೀಟ್ ಟ್ರೇಸ್ ಎಂದರೆ, ಯು(3)ರ ಸ್ಟೇಬಲ್ ಟ್ರೇಸ್ ಮತ್ತು ಯು(2)×ಯು(1)ರ ಸ್ಟೇಬಲ್ ಟ್ರೇಸ್‌ನ ಅರ್ಧ, ಇವೆರಡರ ಮೊತ್ತ. ಎರಡನೆಯ ಪದದಲ್ಲಿ ಪರೀಕ್ಷಾ ಫಲನದ ಬದಲು ಅದರ ವರ್ಗಾವಣೆ ಕುಳಿತಿರುತ್ತದೆ.

ಈಗ ಜಿಎಲ್(3)ರ ಕಡೆ, ಎರಡು ಆಯಾಮದ ಒಂದು ಕಸ್ಪಿಡಲ್ ತುಂಡೂ ಒಂದು ಆಯಾಮದ ತುಂಡೂ ಸೇರಿದ ಪ್ಯಾರಾಮೀಟರ್ ಒಂದನ್ನು (ಪ್ಯಾಕೆಟ್ ಒಂದಕ್ಕೆ ಜಿಎಲ್ ಕಡೆಯ ಗುರುತನ್ನು) ಹಿಡಿಯಿರಿ. ತುಂಡುಗಳೆರಡೂ ಸರಿಯಾದ ಪ್ಯಾರಿಟಿಯವು, ಅಂದರೆ ಅವುಗಳ ಆಸಾಯ್ ಎಲ್-ಫಲನಗಳಲ್ಲಿ ತಕ್ಕ ಚಿಹ್ನೆಯದಕ್ಕೆ 1ರಲ್ಲಿ ಪೋಲ್ ಇದೆ ಎಂದಿಟ್ಟುಕೊಳ್ಳಿ. ಸೂತ್ರದಲ್ಲಿ ಈ ಪ್ಯಾರಾಮೀಟರ್‌ಗೆ ಸೇರಿದ ಭಾಗವನ್ನು ಮಾತ್ರ ಬೇರ್ಪಡಿಸಿ ನೋಡೋಣ. ಯು(3)ರ ಸ್ಟೇಬಲ್ ಭಾಗದಿಂದ ಪ್ಯಾಕೆಟ್‌ನ ಎಲ್ಲ ಸದಸ್ಯರ ಟ್ರೇಸ್‌ಗಳ ಮೊತ್ತದ ಅರ್ಧ ಬರುತ್ತದೆ. ಈ ಅರ್ಧ ಬರಲು ಕಾರಣ, ಪ್ಯಾರಾಮೀಟರ್‌ಗೆ ಸೇರಿದ ಸಾಂತ ಗುಂಪಿನ ಗಾತ್ರ 2. ಯು(2)×ಯು(1)ರ ಭಾಗದಿಂದ ಅದೇ ಸದಸ್ಯರ ಟ್ರೇಸ್‌ಗಳು, ಪ್ರತಿಯೊಂದೂ ತನ್ನ ಚಿಹ್ನೆಯಿಂದ ಗುಣಿಸಲ್ಪಟ್ಟು, ಮತ್ತೆ ಅರ್ಧದೊಡನೆ ಬರುತ್ತವೆ. ಒಬ್ಬ ಸದಸ್ಯನ ಚಿಹ್ನೆ ಎಂದರೆ ಎಲ್ಲ ಸ್ಥಾನಗಳಲ್ಲಿನ ಅವನ ಸ್ಥಳೀಯ ಚಿಹ್ನೆಗಳ ಗುಣಲಬ್ಧ, ಏಕೆಂದರೆ ವರ್ಗಾವಣೆಯು ಸ್ಥಾನವಾರು ನಡೆಯುತ್ತದೆ. ಕೂಡಿಸಿದಾಗ ಪ್ರತಿ ಸದಸ್ಯನ ಗುಣಕ

½ × (1 + ಚಿಹ್ನೆಗಳ ಗುಣಲಬ್ಧ)

ಆಗುತ್ತದೆ. ಗುಣಲಬ್ಧ 1 ಆದರೆ ಇದು 1, −1 ಆದರೆ 0. ಷರತ್ತು ಹುಟ್ಟುವುದು ಇಲ್ಲಿಯೇ.

ಎರಡು ಸ್ಥಾನಗಳಲ್ಲಿ ಮಾತ್ರ ಸ್ಥಳೀಯ ಪ್ಯಾಕೆಟ್‌ನಲ್ಲಿ ಇಬ್ಬರು ಸದಸ್ಯರಿದ್ದು, ಒಬ್ಬನ ಚಿಹ್ನೆ ಧನ, ಇನ್ನೊಬ್ಬನದು ಋಣ ಎಂದಿರಲಿ, ಉಳಿದೆಡೆ ಒಬ್ಬೊಬ್ಬರೇ. ಆಗ ಒಟ್ಟು ನಾಲ್ಕು ಜೋಡಣೆಗಳು. ಧನ–ಧನ ಮತ್ತು ಋಣ–ಋಣ ಎರಡೂ ರೋಹಿತದಲ್ಲಿ ಒಂದೊಂದು ಸಲ ಬರುತ್ತವೆ, ಮಿಶ್ರವಾದ ಎರಡೂ ಬರುವುದೇ ಇಲ್ಲ. ಪ್ರತಿ ಸ್ಥಾನದಲ್ಲೂ ನೋಡಲು ನಿರ್ದೋಷಿಯಾದ ರೆಪ್ರೆಸೆಂಟೇಷನ್ ಒಂದು, ಇಡಿಯಾಗಿ ಆಟೋಮಾರ್ಫಿಕ್ ಅಲ್ಲದೆ ಹೋಗುವುದು ಹೀಗೆ. ಇದೇ ವಿದ್ಯಮಾನವನ್ನು ಎಸ್ಎಲ್(2)ರಲ್ಲಿ ಲಬೆಸ್ ಮತ್ತು ಲ್ಯಾಂಗ್ಲ್ಯಾಂಡ್ಸ್ 1979ರಲ್ಲಿ ಬಿಡಿಸಿ ತೋರಿಸಿದ್ದರು. ಯು(3)ಕ್ಕೆ ರೊಗಾವ್ಸ್ಕಿ ಅವರ 1990ರ ಗ್ರಂಥವೇ ಆಧಾರ.

ಒಂದು ಎಚ್ಚರಿಕೆಯ ಮಾತು. ಟೆಂಪರ್ಡ್ ಅಲ್ಲದ ಪ್ಯಾರಾಮೀಟರ್‌ಗಳಲ್ಲಿ ಗುಣಲಬ್ಧ 1 ಆಗಬೇಕಿಲ್ಲ, ½ರಲ್ಲಿನ ಎಪ್ಸಿಲಾನ್ ಫ್ಯಾಕ್ಟರ್‌ನಿಂದ ಬರುವ ಒಂದು ಜಾಗತಿಕ ಚಿಹ್ನೆಗೆ ಸಮನಾಗಬೇಕು. ಯು(3)ರಲ್ಲಿ ಈ ಅಂಶವನ್ನು ರೊಗಾವ್ಸ್ಕಿ 1992ರಲ್ಲಿ ಪಿಕಾರ್ಡ್ ಮಾಡ್ಯುಲರ್ ಮೇಲ್ಮೈಗಳ ಕುರಿತ ಸಂಪುಟದಲ್ಲಿ ಬಿಡಿಸಿದರು. ಹಳೆಯ ಟಿಪ್ಪಣಿಗಳನ್ನು ಓದುವಾಗ ಇದನ್ನು ಗಮನದಲ್ಲಿಟ್ಟುಕೊಳ್ಳಿ.

ಉತ್ತರ: ಕೋನಮಾಪಕ

ಮೂರು ಸದಸ್ಯರ ವಿಷಯ: ಅನಂತ ಸ್ಥಾನದಲ್ಲಿ ಯು(2,1)ಕ್ಕೆ ಸರಿ, ಪಿ-ಆಡಿಕ್ ಸ್ಥಾನದಲ್ಲಿ ತಪ್ಪು. ಅಲ್ಲಿ ನಾಲ್ಕರವರೆಗೆ ಹೋಗಬಹುದು.

ಲೆಕ್ಕ ಹೀಗೆ. ಮೂರು ಐಗನ್ ರೇಖೆಗಳಿಗೂ ಒಂದೊಂದು ಚಿಹ್ನೆ ಹಚ್ಚಿದರೆ ಒಟ್ಟು 8 ಆಯ್ಕೆಗಳು. ವಾಸ್ತವ ಸಂಖ್ಯೆಗಳ ಮೇಲೆ ಹರ್ಮಿಷಿಯನ್ ರೂಪವನ್ನು ಗುರುತಿಸುವುದು ಸಿಗ್ನೇಚರ್, ಆದ್ದರಿಂದ 8 ಎಂಬುದು 1 + 3 + 3 + 1 ಎಂದು ಒಡೆಯುತ್ತದೆ. ಮೂರೂ ಧನವಾದದ್ದು ಒಂದು, ಎರಡು ಧನ ಒಂದು ಋಣವಾದವು ಮೂರು, ಹೀಗೆ ಮುಂದೆ. ಯು(2,1)ರಲ್ಲಿ ಒಂದು ಸ್ಟೇಬಲ್ ವರ್ಗ ಮೂರು ವರ್ಗಗಳಾಗಿ ಒಡೆಯುವುದೂ, ಡಿಸ್ಕ್ರೀಟ್ ಸೀರೀಸ್‌ನ ಪ್ಯಾಕೆಟ್‌ನಲ್ಲಿ ಮೂವರಿರುವುದೂ ಇದೇ ಕಾರಣದಿಂದ. ಪಿ-ಆಡಿಕ್ ಕ್ಷೇತ್ರದ ಮೇಲೆ ರೂಪವನ್ನು ಗುರುತಿಸುವುದು ಡಿಸ್ಕ್ರಿಮಿನಂಟ್ ಮಾತ್ರ, ಅಂದರೆ ಮೂರೂ ಚಿಹ್ನೆಗಳ ಗುಣಲಬ್ಧ. ಆದ್ದರಿಂದ 8 ಎಂಬುದು 4 + 4 ಆಗಿ ಒಡೆಯುತ್ತದೆ, ಅರ್ಧದಷ್ಟು ಒಂದೇ ಗುಂಪಿನೊಳಗೆ ಬಂದು ಕೂಡುತ್ತವೆ. ವಾಸ್ತವ ಸಂಖ್ಯೆಗಳಲ್ಲಿ ಆ ‘ನಾಲ್ಕನೆಯವನು’ ಇಲ್ಲವೆಂದಲ್ಲ, ಅವನು ಕಾಂಪ್ಯಾಕ್ಟ್ ಯು(3)ರಲ್ಲಿದ್ದಾನೆ. ಪ್ಯಾಕೆಟ್ ಎಂಬುದನ್ನು ಒಂದು ಗುಂಪಿಗೆ ಕಟ್ಟಿಹಾಕದೆ, ಎಲ್ಲ ಹರ್ಮಿಷಿಯನ್ ರೂಪಗಳನ್ನೂ ಒಟ್ಟಿಗಿಟ್ಟು ನೋಡಿದಾಗಲೇ ಎಣಿಕೆ ಸರಿಹೊಂದುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ, ಮತ್ತು ಕಲಿಯುವವರಿಗೆ ಮೊದಲ ದಿನವೇ ಹಾಗೆ ಹೇಳಿಕೊಡಬೇಕು.

ಡೆಫಿನಿಟ್ ಗುಂಪಿನ ಬಗ್ಗೆ ನೀವು ಮೊದಲು ಕೇಳಿದ್ದಕ್ಕೂ ಉತ್ತರ ಇದರಲ್ಲೇ ಇದೆ. ಅನಂತ ಸ್ಥಾನದಲ್ಲಿ ಆ ಗುಂಪಿನ ಸ್ಟೇಬಲ್ ವರ್ಗ ಒಡೆಯುವುದಿಲ್ಲ, ಆದರೆ ಪಿ-ಆಡಿಕ್ ಸ್ಥಾನಗಳಲ್ಲಿ ಒಡೆಯುತ್ತಲೇ ಇರುತ್ತದೆ. ನಿಮ್ಮ ಸಾಂತ ಗಣದ ಮೇಲಿನ ಫಲನಗಳಲ್ಲಿ ಯಾವ ಜೋಡಣೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ತೀರ್ಮಾನಿಸುವುದು ಅದೇ ಗುಣಲಬ್ಧ. ಅನಂತ ಸ್ಥಾನದ ಏಕೈಕ ಸದಸ್ಯನ ಚಿಹ್ನೆಯೂ ಅದರಲ್ಲಿ ಸೇರಿರುತ್ತದೆ.

ಸಾಮಾನ್ಯ ಆಯಾಮದ ಸ್ಥಿತಿಯನ್ನು ಚುಟುಕಾಗಿ ಹೇಳುವುದಾದರೆ, ಕ್ವಾಸಿ-ಸ್ಪ್ಲಿಟ್ ಯೂನಿಟರಿ ಗುಂಪುಗಳಿಗೆ ಮೋಕ್ ಅವರ 2015ರ ಕೃತಿ, ಉಳಿದ ಹರ್ಮಿಷಿಯನ್ ರೂಪಗಳಿಗೆ ಕಲೆಥಾ, ಮಿಂಗೇಸ್, ಶಿನ್, ವೈಟ್ ಅವರ 2014ರ ಕರಡು. ಇವು ಆರ್ಥರ್ 2013ರಲ್ಲಿ ಆರ್ಥೋಗನಲ್ ಮತ್ತು ಸಿಂಪ್ಲೆಕ್ಟಿಕ್ ಗುಂಪುಗಳಿಗೆ ಮಾಡಿದ್ದರ ದಾರಿಯಲ್ಲೇ ಸಾಗುತ್ತವೆ. ಈ ವಾದಗಳಲ್ಲಿ ಬಹುಕಾಲ ತೆರೆದೇ ಇದ್ದ ಸ್ಥಳೀಯ ಕೊಂಡಿಗಳನ್ನು 2024ರಲ್ಲಿ ಆರು ಮಂದಿಯ ಜಂಟಿ ಲೇಖನವೊಂದು ತುಂಬಿತು. ಅದರ ಪ್ರಕಾರ ಕ್ವಾಸಿ-ಸ್ಪ್ಲಿಟ್ ವರ್ಗೀಕರಣವು ಅವಲಂಬಿಸಿ ಉಳಿದದ್ದು ಟ್ವಿಸ್ಟೆಡ್ ವೇಟೆಡ್ ಫಂಡಮೆಂಟಲ್ ಲೆಮ್ಮಾ ಒಂದನ್ನೇ.

ಮರುಪ್ರಶ್ನೆ: ಅರೆಬೆಂದ_ಪ್ರಮೇಯ

ಈಗ ಚಿತ್ರ ಸ್ಪಷ್ಟವಾಯಿತು. ಒಂದು ಸಂದೇಹ ಮಾತ್ರ ಉಳಿದಿದೆ. ಝಾಕೆ ಮತ್ತು ರಾಲಿಸ್ ಅವರ ರಿಲೇಟಿವ್ ಟ್ರೇಸ್ ಸೂತ್ರವನ್ನು ಬಳಸುವ ಲೇಖನಗಳಲ್ಲಿಯೂ ಯೂನಿಟರಿ ಗುಂಪನ್ನು ಜಿಎಲ್ ಜೊತೆ ಹೋಲಿಸುತ್ತಾರೆ. ಅಲ್ಲಿ ಜ್ಯಾಮಿತಿಯ ಬದಿಯಲ್ಲಿ ಎಂಡೋಸ್ಕೋಪಿಯ ಸುದ್ದಿಯೇ ಇಲ್ಲ. ಅವರು ಈ ತೊಡಕಿನಿಂದ ತಪ್ಪಿಸಿಕೊಂಡದ್ದು ಹೇಗೆ?

ಉತ್ತರ: ಕೋನಮಾಪಕ

ಒಳ್ಳೆಯ ಪ್ರಶ್ನೆ, ಉತ್ತರವೂ ಸುಂದರವಾಗಿದೆ. ಅಲ್ಲಿ ಯು(ಎನ್+1)ರ ಅಂಶಗಳನ್ನು ಇಡೀ ಯು(ಎನ್+1)ರಿಂದ ಅಲ್ಲ, ಒಂದು ನಿಗದಿತ ಸದಿಶವನ್ನು ಕದಲಿಸದ ಯು(ಎನ್)ರಿಂದ ಮಾತ್ರ ಸಂಯುಗ್ಮಗೊಳಿಸುತ್ತೇವೆ. ಆ ಸದಿಶವನ್ನು ‘ಸ’ ಎಂದೂ, ಅಂಶವನ್ನು ‘ಗ’ ಎಂದೂ ಕರೆಯೋಣ. ಬದಲಾಗದೆ ಉಳಿಯುವ ಸಂಖ್ಯೆಗಳು ಎರಡು ಬಗೆ: ‘ಗ’ದ ಕ್ಯಾರೆಕ್ಟರಿಸ್ಟಿಕ್ ಬಹುಪದೋಕ್ತಿಯ ಗುಣಾಂಕಗಳು, ಮತ್ತು ‘ಗ’ವನ್ನು ‘ಸ’ದ ಮೇಲೆ ಒಂದು ಸಲ, ಎರಡು ಸಲ, ಮೂರು ಸಲ ಪ್ರಯೋಗಿಸಿ ‘ಸ’ದೊಡನೆ ಒಳಗುಣಲಬ್ಧ ತೆಗೆದಾಗ ಸಿಗುವ ಸಂಖ್ಯೆಗಳು. ರೆಗ್ಯುಲರ್ ಸಂದರ್ಭದಲ್ಲಿ ಸ, ಗಸ, ಗ²ಸ, … ಸದಿಶಗಳು ಆಧಾರವಾಗುತ್ತವೆ. ‘ಗ’ ಯೂನಿಟರಿ ಆದ್ದರಿಂದ ಗ⁵ಸ ಮತ್ತು ಗ²ಸಗಳ ಒಳಗುಣಲಬ್ಧ ಎಂದರೆ ಗ³ಸ ಮತ್ತು ಸಗಳ ಒಳಗುಣಲಬ್ಧವೇ. ಹೀಗಾಗಿ ಆ ಸಂಖ್ಯೆಗಳು ಗೊತ್ತಿದ್ದರೆ ಇಡೀ ಗ್ರಾಮ್ ಮಾತೃಕೆ ಗೊತ್ತಾಯಿತು, ಅಂದರೆ ಹರ್ಮಿಷಿಯನ್ ರೂಪವೇ ಗೊತ್ತಾಯಿತು. ಎರಡು ಅಂಶಗಳಿಗೆ ಈ ಸಂಖ್ಯೆಗಳು ಒಂದೇ ಆಗಿದ್ದರೆ, ಒಂದರ ಆಧಾರವನ್ನು ಇನ್ನೊಂದರ ಆಧಾರಕ್ಕೆ ಒಯ್ಯುವ ಪರಿವರ್ತನೆ ತಾನಾಗಿ ಯೂನಿಟರಿ ಆಗುತ್ತದೆ ಮತ್ತು ‘ಸ’ವನ್ನು ಕದಲಿಸುವುದಿಲ್ಲ. ಅಂದರೆ ಅವು ಯು(ಎನ್)ರಿಂದಲೇ ಸಂಯುಗ್ಮಗಳು.

(ಅ, ಬ) ಮತ್ತು (ಬ, ಅ) ನಡುವಿನ ಭೇದವನ್ನು ಕ್ಯಾರೆಕ್ಟರಿಸ್ಟಿಕ್ ಬಹುಪದೋಕ್ತಿ ನೋಡಲಾರದೆ ಹೋಗಿತ್ತಲ್ಲ, ಇಲ್ಲಿ ‘ಸ’ ಎಂಬ ಸಾಕ್ಷಿ ಅದನ್ನು ನೋಡಿಬಿಡುತ್ತದೆ. ಸ್ಟೇಬಲ್ ವರ್ಗ ಒಡೆಯುವುದಿಲ್ಲ, ಸ್ಟೆಬಿಲೈಸರ್ ಕೂಡ ಅಲ್ಪ. ಜಿಎಲ್ ಬದಿಯ ಪ್ರತಿ ರೆಗ್ಯುಲರ್ ಕಕ್ಷೆಯೂ ಒಂದೇ ಒಂದು ಹರ್ಮಿಷಿಯನ್ ರೂಪದ ಒಂದೇ ಒಂದು ಕಕ್ಷೆಗೆ ಹೊಂದುತ್ತದೆ. ಆದರೂ ಇದಕ್ಕೂ ತನ್ನದೇ ಆದ ಫಂಡಮೆಂಟಲ್ ಲೆಮ್ಮಾ ಬೇಕಿತ್ತು. ಅದನ್ನು ಯುನ್ 2011ರಲ್ಲಿ ಸಾಧಿಸಿದರು, ಅದನ್ನು ಪಿ-ಆಡಿಕ್ ಕ್ಷೇತ್ರಗಳಿಗೆ ಒಯ್ಯುವ ಅನುಬಂಧವನ್ನು ಗಾರ್ಡನ್ ಬರೆದರು. ಪರೀಕ್ಷಾ ಫಲನಗಳ ವರ್ಗಾವಣೆಯನ್ನು ಪಿ-ಆಡಿಕ್ ಸ್ಥಾನಗಳಲ್ಲಿ ವೇ ಝಾಂಗ್ 2014ರಲ್ಲಿ ಕೊಟ್ಟು, ಕೆಲವು ಸ್ಥಳೀಯ ಷರತ್ತುಗಳಡಿ ಯೂನಿಟರಿ ಗುಂಪುಗಳ ಗ್ಯಾನ್–ಗ್ರಾಸ್–ಪ್ರಸಾದ್ ಊಹೆಯನ್ನು (ಪೀರಿಯಡ್ ಎಂಬ ಇಂಟಿಗ್ರಲ್ ಶೂನ್ಯವಲ್ಲದಿರುವುದನ್ನು ಎಲ್-ಫಲನದ ½ರಲ್ಲಿನ ಮೌಲ್ಯಕ್ಕೆ ಜೋಡಿಸುವ ಊಹೆ) ಸಾಧಿಸಿದರು. ಆ ಷರತ್ತುಗಳನ್ನು ಕಳಚುತ್ತ ಬಂದ ಕೆಲಸ, ಬ್ಯೂಝಾರ್-ಪ್ಲೆಸಿ, ಶೋದುಆರ್, ಝೈಡೋರ್ ಅವರ 2022ರ ಲೇಖನದಲ್ಲಿ ಎಂಡೋಸ್ಕೋಪಿಕ್ ಸಂದರ್ಭವನ್ನೂ ಒಳಗೊಂಡಿತು.

ಆದರೆ ತಪ್ಪಿಸಿಕೊಂಡರು ಎನ್ನುವುದು ಅರ್ಧ ಸತ್ಯ. ಜ್ಯಾಮಿತಿಯ ಬದಿಯಲ್ಲಿ ತಪ್ಪಿಸಿಕೊಂಡರು, ರೋಹಿತದ ಬದಿಯಲ್ಲಿ ಇಲ್ಲ. ಜಿಎಲ್ ಬದಿಯ ಎಲ್-ಫಲನದ ½ರಲ್ಲಿನ ಮೌಲ್ಯ ಶೂನ್ಯವಲ್ಲದಿದ್ದರೆ ಯಾವುದೋ ಒಂದು ಹರ್ಮಿಷಿಯನ್ ರೂಪದ ಯಾವುದೋ ಒಬ್ಬ ಸದಸ್ಯನ ಪೀರಿಯಡ್ ಶೂನ್ಯವಲ್ಲ ಎಂದು ಪ್ರಮೇಯ ಹೇಳುತ್ತದೆ. ಆ ‘ಯಾವುದೋ’ ಯಾವುದು ಎಂದು ಹೇಳಬೇಕಾದಾಗ ಸ್ಥಳೀಯ ಎಪ್ಸಿಲಾನ್ ಫ್ಯಾಕ್ಟರ್‌ಗಳೂ ಪ್ಯಾಕೆಟ್‌ನ ಚಿಹ್ನೆಗಳೂ ಮರಳಿ ಬರುತ್ತವೆ.

ಪ್ರತಿಕ್ರಿಯೆ: ಅರೆಬೆಂದ_ಪ್ರಮೇಯ

ಬೀಜಾಕ್ಷರ ಅವರಲ್ಲಿ ಒಂದು ಕೊನೆಯ ಸಣ್ಣ ಪ್ರಶ್ನೆ. ಮೂರು ಹೆಜ್ಜೆಯ ಮರದಲ್ಲಿ −27 ಬಂದಿತಲ್ಲ, ಆ ಋಣ ಚಿಹ್ನೆಯನ್ನು ಎಲ್ಲಿ ಇಡಬೇಕು?

ಉತ್ತರ: ಬೀಜಾಕ್ಷರ

ಟ್ರಾನ್ಸ್‌ಫರ್ ಫ್ಯಾಕ್ಟರ್‌ನಲ್ಲಿ. ಮಧ್ಯದ ಶೃಂಗವು ಸ್ವದ್ವೈತವಾಗಿರುವ ವರ್ಗದಲ್ಲಿ ಅದರ ಮೌಲ್ಯ −3ರ −ಡಿ-ನೇ ಘಾತ, ಇನ್ನೊಂದು ವರ್ಗದಲ್ಲಿ ಅದರ ಋಣ. ಡಿ 3 ಆದಾಗ ಮೊದಲ ವರ್ಗದ ಎಣಿಕೆ 1 + 12 = 13, ಎರಡನೆಯದರ ಎಣಿಕೆ 4 + 36 = 40. ಅವುಗಳನ್ನು −1/27 ಮತ್ತು 1/27ರಿಂದ ಗುಣಿಸಿ ಕೂಡಿಸಿ ನೋಡಿ, 27/27 ಬರುತ್ತದೆ.